ಡಾಕ್ಟ್ರು ಮೀಟಿಂಗಿಗೆ ಹೋಗಿದಾರೆ: ಬಡತನ ಮತ್ತು ಪ್ರಯೋಗಗಳ ಬಗ್ಗೆ ಒಂದಿಷ್ಟು ಮಾತು

(ಪದವಿ ಕಾಲೇಜೊಂದರಲ್ಲಿ ಅರ್ಥಶಾಸ್ತ್ರದ ವಿದ್ಯಾರ್ಥಿಗಳ ಮುಂದೆ ಆಡಿದ ಮಾತುಗಳ ಬರಹ ರೂಪ. ಒಂದೇ ಮಾತು ಎರಡೆರಡು ಸಲ ಬಂದ ಕಡೆ ತೆಗೆದಿದ್ದೇನೆ. ಕೊನೆಗೆ ಬಂದ ಪ್ರಶ್ನೆಯನ್ನು ಹಾಗೇ ಉಳಿಸಿಕೊಂಡಿದ್ದೇನೆ.)

ಎಲ್ಲರಿಗೂ ನಮಸ್ಕಾರ. ಬ್ಯಾನರಿನಲ್ಲಿ ‘ಜಾಗತಿಕ ಬಡತನ’ ಅಂತ ಹಾಕಿಸಿದ್ದೀರಿ. ಅಷ್ಟು ದೊಡ್ಡದು ನನ್ನ ತೆಕ್ಕೆಗೆ ಸಿಗುವುದಿಲ್ಲ. ನಮ್ಮದೇ ಹಳ್ಳಿಗಳಿಂದ ಶುರುಮಾಡುತ್ತೇನೆ, ನಡುವೆ ಸ್ವಲ್ಪ ಹೊರಗೂ ಹೋಗಿ ಬರೋಣ.

ಕೆಲವು ವರ್ಷಗಳ ಹಿಂದೆ ಕರ್ನಾಟಕದ 213 ಹಳ್ಳಿಗಳಿಗೆ ಒಂದು ಸಂಶೋಧನಾ ತಂಡ ಹೋಯಿತು. ಪ್ರತಿ ಊರಿನಲ್ಲಿ ಬೆರಳೆಣಿಕೆಯ ಮನೆಗಳಿಗೆ ಮಾತ್ರ ಹೋಗಿ ಒಂದು ಸುದ್ದಿ ಹೇಳಿತು: ಈ ನಂಬರಿಗೆ ಒಂದು ಮಿಸ್ಡ್ ಕಾಲ್ ಕೊಡಿ, ಮೊಬೈಲ್ ಫೋನೋ ಒಂದಿಷ್ಟು ದುಡ್ಡೋ ಗೆಲ್ಲಬಹುದು, ಯಾರು ಬೇಕಾದರೂ ಕೊಡಬಹುದು, ಗೊತ್ತಿರುವವರಿಗೂ ಹೇಳಿ. ಅಷ್ಟು ಹೇಳಿ ಹೊರಟುಬಂದರು. ಆಮೇಲೆ ಯಾವ ಊರಿನಿಂದ ಎಷ್ಟು ಕಾಲ್ ಬರುತ್ತದೆ ಅಂತ ಎಣಿಸುತ್ತ ಕುಳಿತರು.

ಗುಟ್ಟಿದ್ದದ್ದು ಆ ಮೊದಲ ಮನೆಗಳ ಆಯ್ಕೆಯಲ್ಲಿ. ಕೆಲವು ಊರುಗಳಲ್ಲಿ ಚೀಟಿ ಎತ್ತಿದಂತೆ ಯಾವುದೋ ಮನೆಗಳನ್ನು ಆರಿಸಿದ್ದರು. ಕೆಲವು ಊರುಗಳಲ್ಲಿ ಹಿರಿಯರು, ನಾಲ್ಕು ಜನ ಎದ್ದು ನಿಂತು ಮಾತಾಡಿಸುವಂಥವರು. ಇನ್ನು ಕೆಲವು ಕಡೆ ಮೊದಲೇ ಊರವರನ್ನು ಕೇಳಿಟ್ಟುಕೊಂಡಿದ್ದರು: ಒಂದು ಸುದ್ದಿ ಊರಿಗೆಲ್ಲ ಹಬ್ಬಬೇಕಾದರೆ ಯಾರ ಕಿವಿಗೆ ಹಾಕಬೇಕು? ಚೀಟಿ ಎತ್ತಿ ಆರಿಸಿದ ಊರುಗಳಿಂದ ಸರಾಸರಿ ಎಂಟು ಕಾಲ್ ಬಂದವು. ಹಿರಿಯರ ಕಿವಿಗೆ ಬಿದ್ದ ಸುದ್ದಿ ಅದಕ್ಕಿಂತ ಮುಂದೇನೂ ಓಡಲಿಲ್ಲ. ಊರವರೇ ಹೆಸರಿಸಿದವರಿಗೆ ಹೇಳಿದಾಗ ಕಾಲ್‌ಗಳು ಹನ್ನೆರಡರ ಹತ್ತಿರ ಹೋದವು.

ನಗಬೇಡಿ. ನಿಮ್ಮ ಬೀದಿಯಲ್ಲೂ ಆ ಹೆಸರು ಯಾವುದು ಅಂತ ನಿಮಗೆ ಗೊತ್ತು. ಆದರೆ ಗ್ರಾಮಸಭೆ ನಡೆಸುವ ಪಂಚಾಯ್ತಿಗೆ ಗೊತ್ತಿಲ್ಲ, ಗೊತ್ತಿದ್ದರೂ ಕೇಳುವುದಿಲ್ಲ. ನೋಟೀಸನ್ನು ಕಚೇರಿಯ ಗೋಡೆಗೆ ಅಂಟಿಸಿ ‘ಪ್ರಚಾರ ಮಾಡಲಾಗಿದೆ’ ಅಂತ ಬರೆದುಕೊಳ್ಳುತ್ತಾರೆ. ಈ ಪ್ರಯೋಗ ಮಾಡಿದ ಅರ್ಥಶಾಸ್ತ್ರಜ್ಞರಾದ ಅಭಿಜಿತ್ ಬ್ಯಾನರ್ಜಿ, ಅರುಣ್ ಚಂದ್ರಶೇಖರ್, ಎಸ್ತರ್ ಡುಫ್ಲೊ, ಮ್ಯಾಥ್ಯೂ ಜ್ಯಾಕ್ಸನ್ ಇದೇ ಉಪಾಯವನ್ನು ಹರಿಯಾಣದ 517 ಹಳ್ಳಿಗಳಲ್ಲಿ ಲಸಿಕೆಯ ಸುದ್ದಿ ಹಬ್ಬಿಸಲು ಬಳಸಿದರು. ಮಿಸ್ಡ್ ಕಾಲ್ ಜಾಗದಲ್ಲಿ ಈಗ ಚುಚ್ಚುಮದ್ದು. ಅಲ್ಲೂ ಊರವರು ಹೇಳಿದ ‘ಬಾಯಿಬಡುಕ’ರೇ ಗೆದ್ದರು. ಚೀಟಿ ಎತ್ತಿ ಆರಿಸಿದವರ ಮೂಲಕ ಸುದ್ದಿ ಹೋದ ಊರುಗಳಿಗಿಂತ ಅಲ್ಲಿ ಲಸಿಕೆಗೆ ಬಂದ ಮಕ್ಕಳು ನೂರಕ್ಕೆ ಇಪ್ಪತ್ತರಷ್ಟು ಹೆಚ್ಚು.

ಇಂಥದ್ದಕ್ಕೆ ಕ್ಷೇತ್ರ ಪ್ರಯೋಗ ಅನ್ನುತ್ತಾರೆ. ಹೆಸರು ಕೇಳಿ ಗಾಬರಿಯಾಗಬೇಡಿ, ಇದು ಹುಟ್ಟಿದ್ದೇ ಹೊಲದಲ್ಲಿ. 1920ರ ದಶಕದಲ್ಲಿ ಇಂಗ್ಲೆಂಡಿನ ರೊಥಾಮ್‌ಸ್ಟೆಡ್ ಕೃಷಿ ಸಂಶೋಧನಾ ಕೇಂದ್ರದಲ್ಲಿ ರೊನಾಲ್ಡ್ ಫಿಶರ್ ಎಂಬ ಸಂಖ್ಯಾಶಾಸ್ತ್ರಜ್ಞ ಹೇಳಿದ್ದು ಇಷ್ಟೆ: ಗೊಬ್ಬರ ಹಾಕಿದ ತಾಕನ್ನೂ ಹಾಕದ ತಾಕನ್ನೂ ಹೋಲಿಸುವುದಾದರೆ, ಯಾವುದಕ್ಕೆ ಹಾಕಬೇಕು ಎಂಬುದನ್ನು ಚೀಟಿ ಎತ್ತಿ ತೀರ್ಮಾನಿಸಿ. ಇಲ್ಲದಿದ್ದರೆ ಒಳ್ಳೆ ಮಣ್ಣಿರುವ ತಾಕಿಗೇ ಕೈ ಹೋಗುತ್ತದೆ, ಆಮೇಲೆ ಮಣ್ಣಿನ ಗುಣವನ್ನೇ ಗೊಬ್ಬರದ ಗುಣ ಅಂದುಕೊಳ್ಳುತ್ತೀರಿ. ಸರ್ಕಾರದ ಯೋಜನೆಗಳಲ್ಲೂ ಇದೇ ಕಥೆ. ಚುರುಕಾದ ಅಧಿಕಾರಿ ಇರುವ ತಾಲ್ಲೂಕಿನಲ್ಲಿ ಮೊದಲು ಶುರುಮಾಡುತ್ತಾರೆ, ಅಲ್ಲಿ ಚೆನ್ನಾಗಿ ನಡೆಯುತ್ತದೆ, ‘ಯೋಜನೆ ಯಶಸ್ವಿ’ ಅಂತ ಪುಸ್ತಿಕೆ ಬರುತ್ತದೆ. ಗೆದ್ದದ್ದು ಯೋಜನೆಯೋ ಅಧಿಕಾರಿಯೋ?

ಈ ಹೊಲದ ಪದ್ಧತಿಯನ್ನು 1990ರ ದಶಕದಲ್ಲಿ ಶಾಲೆಗೆ ತಂದವರಲ್ಲಿ ಮೈಕೇಲ್ ಕ್ರೆಮರ್ ಮುಖ್ಯರು. 2019ರಲ್ಲಿ ಬ್ಯಾನರ್ಜಿ, ಡುಫ್ಲೊ ಜೊತೆ ನೊಬೆಲ್ ಹಂಚಿಕೊಂಡವರು. ಪಶ್ಚಿಮ ಕೆನ್ಯಾದ ಬಡ ಶಾಲೆಗಳಿಗೆ ಉಚಿತವಾಗಿ ಪಠ್ಯಪುಸ್ತಕ ಕೊಟ್ಟು ನೋಡಿದರು. ಪುಸ್ತಕ ಕೊಟ್ಟರೆ ಮಕ್ಕಳು ಕಲಿಯುತ್ತಾರೆ, ಅದರಲ್ಲಿ ಪರೀಕ್ಷೆ ಮಾಡುವುದೇನು ಅಂತ ನಮಗನಿಸುತ್ತದೆ. ಆದರೆ ಒಟ್ಟಾರೆ ಅಂಕಗಳು ಏರಲಿಲ್ಲ. ಮೊದಲೇ ಮುಂದಿದ್ದ ಮಕ್ಕಳಿಗೆ ಮಾತ್ರ ಅನುಕೂಲವಾಯಿತು. ಕಾರಣ, ಪುಸ್ತಕಗಳು ಇಂಗ್ಲಿಷಿನಲ್ಲಿದ್ದವು. ಬಹುಪಾಲು ಮಕ್ಕಳಿಗೆ ಅದು ಮನೆಮಾತೂ ಅಲ್ಲ, ಎರಡನೆಯ ಭಾಷೆಯೂ ಅಲ್ಲ, ಮೂರನೆಯದು. ಶಿಕ್ಷಣ ಮಾಧ್ಯಮದ ಜಗಳ ದಶಕಗಟ್ಟಲೆ ನಡೆದಿರುವ ನಾಡಿನಲ್ಲಿ ಕುಳಿತು ಇದನ್ನು ಓದಿದಾಗ ನನಗೆ ಕೆನ್ಯಾ ಅಷ್ಟೇನೂ ದೂರ ಅನಿಸಲಿಲ್ಲ.

ಈಗ ರಾಜಸ್ಥಾನದ ಉದಯಪುರ ಜಿಲ್ಲೆಗೆ ಬನ್ನಿ. ಸೇವಾ ಮಂದಿರ್ ಎಂಬ ಸಂಸ್ಥೆ ಕೆಲಸ ಮಾಡುವ ಪ್ರದೇಶ. ಪ್ರಯೋಗದ ಹೊತ್ತಿಗೆ ಅಲ್ಲಿ ಚಿಕ್ಕಮಕ್ಕಳಲ್ಲಿ ಎಲ್ಲ ಲಸಿಕೆ ಪೂರ್ತಿಯಾದವರು ನೂರಕ್ಕೆ ಆರು ಮಾತ್ರ. ಯಾಕೆ ಅಂತ ಕೇಳಿ, ನಗರದ ಹತ್ತು ಜನರಲ್ಲಿ ಒಂಬತ್ತು ಮಂದಿ ‘ಮೂಢನಂಬಿಕೆ, ಅರಿವಿಲ್ಲ’ ಅನ್ನುತ್ತಾರೆ. ಸಂಶೋಧಕರು 134 ಹಳ್ಳಿಗಳನ್ನು ಮೂರು ಗುಂಪು ಮಾಡಿದರು. ಒಂದು ಗುಂಪು ಇದ್ದ ಹಾಗೇ ಇತ್ತು. ಎರಡನೆಯದರಲ್ಲಿ ತಿಂಗಳಿಗೊಮ್ಮೆ ತಪ್ಪದೆ ಊರಲ್ಲೇ ಶಿಬಿರ, ನರ್ಸ್ ಖಂಡಿತ ಬರುತ್ತಾರೆ ಎಂಬ ಭರವಸೆ. ಮೂರನೆಯದರಲ್ಲಿ ಅದೇ ಶಿಬಿರದ ಜೊತೆ, ಪ್ರತಿ ಸಲ ಮಗು ಕರೆತಂದ ತಾಯಿಗೆ ಒಂದು ಕೆಜಿ ಬೇಳೆ, ಎಲ್ಲ ಲಸಿಕೆ ಮುಗಿದಾಗ ಊಟದ ತಟ್ಟೆಗಳು. ಬರೀ ಶಿಬಿರ ನಡೆದ ಕಡೆ ನೂರಕ್ಕೆ 18 ಮಕ್ಕಳಿಗೆ ಪೂರ್ತಿ ಲಸಿಕೆಯಾಯಿತು. ಬೇಳೆ ಕೊಟ್ಟ ಕಡೆ 39.

ನಿಜವಾಗಿ ಮೂಢನಂಬಿಕೆಯೇ ತಡೆಯಾಗಿದ್ದರೆ ಅದು ಒಂದು ಕೆಜಿ ಬೇಳೆಗೆ ಕರಗುತ್ತಿತ್ತೇ? ಆ ತಾಯಂದಿರಿಗೆ ಲಸಿಕೆಯ ಮೇಲೆ ಸಿಟ್ಟಿರಲಿಲ್ಲ. ಇವತ್ತು ಕೂಲಿ ಇದೆ, ಮಗು ಚೆನ್ನಾಗೇ ಇದೆ, ಚುಚ್ಚಿಸಿದರೆ ರಾತ್ರಿ ಜ್ವರ ಬರುತ್ತದೆ, ಮುಂದಿನ ತಿಂಗಳು ನೋಡೋಣ. ಬರುವ ಲಾಭ ಎಂದೋ, ತೊಂದರೆ ಇವತ್ತೇ. ಮನುಷ್ಯರು ನಿಜಕ್ಕೂ ಹೇಗೆ ತೀರ್ಮಾನಿಸುತ್ತಾರೆ ಅಂತ ನೋಡುವ ವರ್ತನಾ ಅರ್ಥಶಾಸ್ತ್ರದ ಅರ್ಧ ಪಠ್ಯ ಈ ‘ಮುಂದಿನ ತಿಂಗಳು ನೋಡೋಣ’ದಲ್ಲಿದೆ. ಅದು ಬಡವರ ರೋಗವೇನಲ್ಲ. ತೆರಿಗೆ ಉಳಿಸುವ ಹೂಡಿಕೆಗೆ ಮಾರ್ಚ್ ಕೊನೆಯ ವಾರದವರೆಗೆ ಕಾಯುವ ನಾವೆಲ್ಲ ಇನ್ನೇನು? ನಮಗೂ ಅವರಿಗೂ ಇರುವ ವ್ಯತ್ಯಾಸ ಬೇರೆ ಕಡೆ ಇದೆ. ನಮ್ಮ ಪಿಎಫ್ ಸಂಬಳ ಕೈಗೆ ಬರುವ ಮೊದಲೇ ಕಟ್ಟಾಗಿರುತ್ತದೆ, ನಮ್ಮ ನಲ್ಲಿಯ ನೀರಿಗೆ ಯಾರೋ ಕ್ಲೋರಿನ್ ಹಾಕಿರುತ್ತಾರೆ. ಆ ತಾಯಿ ಇದೆಲ್ಲವನ್ನೂ ದಿನಾ ತಾನೇ ಯೋಚಿಸಿ, ತಾನೇ ನೆನಪಿಟ್ಟುಕೊಂಡು ಮಾಡಬೇಕು.

ಇನ್ನೊಂದು ಲೆಕ್ಕ ಕೇಳಿ. ಬೇಳೆ ಕೊಟ್ಟರೆ ಖರ್ಚು ಹೆಚ್ಚಾಗಬೇಕಲ್ಲ? ಒಂದು ಮಗುವಿಗೆ ಪೂರ್ತಿ ಲಸಿಕೆ ಹಾಕಿಸಲು ಬರೀ ಶಿಬಿರದಲ್ಲಿ 56 ಡಾಲರ್ ಬಿದ್ದಿತ್ತು, ಬೇಳೆ ಕೊಟ್ಟ ಶಿಬಿರದಲ್ಲಿ 28. ನರ್ಸ್ ಹೇಗೂ ದಿನವಿಡೀ ಕೂರಬೇಕು. ಮಕ್ಕಳು ಹೆಚ್ಚು ಬಂದಷ್ಟೂ ತಲೆಗೆ ಬೀಳುವ ಖರ್ಚು ಇಳಿಯುತ್ತದೆ. ‘ಲಸಿಕೆಗೆ ಲಂಚ ಕೊಡುವುದೇ?’ ಅಂತ ಮುಖ ಸಿಂಡರಿಸುವವರಿದ್ದಾರೆ. ಬಿಸಿಯೂಟವನ್ನು ಶಾಲೆಗೆ ಬರಲು ಕೊಡುವ ಲಂಚ ಅಂತ ಅವರು ಕರೆಯುವುದನ್ನು ನಾನು ಕೇಳಿಲ್ಲ.

ಮೈಸೂರಿನಲ್ಲಿ ನಡೆದ ಒಂದು ಪ್ರಯೋಗ ನನಗೆ ಬಹಳ ಇಷ್ಟ. ಸುಪ್ರೀತ್ ಕೌರ್, ಕ್ರೆಮರ್, ಸೆಂಧಿಲ್ ಮುಲ್ಲೈನಾಥನ್ ಮಾಡಿದ್ದು. ಡೇಟಾ ಎಂಟ್ರಿ ಕೆಲಸದವರು, ಟೈಪ್ ಮಾಡಿದಷ್ಟಕ್ಕೆ ಕೂಲಿ, ವಾರಕ್ಕೊಮ್ಮೆ ಬಟವಾಡೆ. ಬಟವಾಡೆಯ ದಿನ ಹತ್ತಿರ ಬಂದಂತೆ ಕೈ ಚುರುಕಾಗುತ್ತಿತ್ತು. ಅದೇ ಮನುಷ್ಯ, ಅದೇ ಕೀಬೋರ್ಡ್. ಆಮೇಲೆ ಅವರ ಮುಂದೆ ಒಂದು ವಿಚಿತ್ರ ಒಪ್ಪಂದ ಇಟ್ಟರು. ಬೆಳಿಗ್ಗೆ ನಿಮ್ಮ ಗುರಿಯನ್ನು ನೀವೇ ಬರೆದುಕೊಡಿ. ಗುರಿ ಮುಟ್ಟಿದರೆ ಮಾಮೂಲು ಕೂಲಿ, ಮುಟ್ಟದಿದ್ದರೆ ಅರ್ಧ. ಬೇಡವಾದರೆ ಗುರಿ ಸೊನ್ನೆ ಅಂತ ಬರೆಯಿರಿ. ಪಠ್ಯಪುಸ್ತಕದ ಪ್ರಕಾರ ಬುದ್ಧಿ ಇರುವ ಯಾರೂ ಇದನ್ನು ಒಪ್ಪಬಾರದು. ಇದರಲ್ಲಿ ಕಳೆದುಕೊಳ್ಳಬಹುದು, ಹೆಚ್ಚಿಗೆ ಗಳಿಸುವ ದಾರಿಯೇ ಇಲ್ಲ. ಆದರೂ ಸುಮಾರು ಮೂರರಲ್ಲಿ ಒಂದು ಸಲ ಅವರು ಗುರಿಯನ್ನು ಬರೆದುಕೊಟ್ಟರು, ಕೆಲಸವೂ ಹೆಚ್ಚಾಯಿತು. ಹೆಚ್ಚು ಪ್ರಯೋಜನ ಪಡೆದವರು ಯಾರು ಗೊತ್ತೆ? ಬಟವಾಡೆಯ ದಿನ ಮಾತ್ರ ಮೈಬಗ್ಗಿಸುತ್ತಿದ್ದವರು. ತಮ್ಮ ಸೋಮಾರಿತನ ಅವರಿಗೆ ಗೊತ್ತಿತ್ತು. ಅದಕ್ಕೆ ಮೂಗುದಾರ ಹಾಕಿಕೊಳ್ಳಲು ತಾವೇ ಸಿದ್ಧರಿದ್ದರು.

2015ರಲ್ಲಿ ಇದು ದೊಡ್ಡ ಸಂಶೋಧನಾ ಪತ್ರಿಕೆಯಲ್ಲಿ ಅಚ್ಚಾದಾಗ ಅರ್ಥಶಾಸ್ತ್ರಜ್ಞರಿಗೆ ಅಚ್ಚರಿ. ಚೀಟಿ ಕಟ್ಟಿದ ಯಾರಿಗೂ ಅಚ್ಚರಿಯಾಗಬೇಕಿಲ್ಲ. ನಮ್ಮ ಅಮ್ಮನಿಗೆ ಬ್ಯಾಂಕಿನಲ್ಲಿ ಖಾತೆ ಇತ್ತು. ಆದರೂ ತಿಂಗಳಾ ಹತ್ತನೇ ತಾರೀಕು ಚೀಟಿ ದುಡ್ಡು ಹೊಂದಿಸಲು ಒದ್ದಾಡುತ್ತಿದ್ದರು. ‘ಬ್ಯಾಂಕಲ್ಲೇ ಇಟ್ರೆ ಬಡ್ಡಿನಾದ್ರೂ ಬರತ್ತಲ್ಲಮ್ಮ’ ಅಂದರೆ, ‘ಬ್ಯಾಂಕ್‌ನೋರು ಬಂದು ಬಾಗ್ಲಲ್ಲಿ ನಿಂತ್ಕೋತಾರೇನೆ?’ ಅನ್ನುತ್ತಿದ್ದರು. ಬಾಗಿಲಲ್ಲಿ ನಿಂತುಕೊಳ್ಳುವುದಕ್ಕೇ ಅವರು ದುಡ್ಡು ಕೊಡುತ್ತಿದ್ದದ್ದು.

ಕಬ್ಬಿನ ಮಾತನ್ನೂ ಹೇಳಿಬಿಡುತ್ತೇನೆ, ಮಂಡ್ಯದ ಕಡೆಯವರು ಇಲ್ಲಿದ್ದೀರಿ. ತಮಿಳುನಾಡಿನ ವಿಳುಪ್ಪುರಂ, ತಿರುವಣ್ಣಾಮಲೈ ಜಿಲ್ಲೆಗಳ 464 ಕಬ್ಬು ಬೆಳೆಗಾರರಿಗೆ ಕಟಾವಿಗೆ ಮೊದಲೊಮ್ಮೆ, ದುಡ್ಡು ಬಂದ ಮೇಲೊಮ್ಮೆ ಬುದ್ಧಿಯ ಪರೀಕ್ಷೆ ಕೊಟ್ಟರು. ಒಗಟಿನಂಥ ಚಿತ್ರಗಳು, ಗಮನ ಅಳೆಯುವ ಲೆಕ್ಕಗಳು. ಕಟಾವಿಗೆ ಮೊದಲು, ಒಡವೆ ಅಡವಿಟ್ಟು ಕೈಗಡ ತಂದು ದಿನ ತಳ್ಳುವ ಹೊತ್ತಿನಲ್ಲಿ, ಅದೇ ರೈತ ಕಡಿಮೆ ಅಂಕ ತೆಗೆದ. ‘ಬುದ್ಧಿ ಇಲ್ಲದ್ದಕ್ಕೆ ಬಡವ’ ಅನ್ನುವುದನ್ನು ಇದು ತಿರುವಿ ಹಾಕಿತು. ಕಟಾವು ಎಲ್ಲರಿಗೂ ಒಟ್ಟಿಗೆ ಬರುವುದಿಲ್ಲ, ಕಾರ್ಖಾನೆ ಸರದಿ ಕೊಟ್ಟಂತೆ ತಿಂಗಳುಗಟ್ಟಲೆ ಹಿಂದೆ ಮುಂದೆ ಆಗುತ್ತದೆ. ಆದ್ದರಿಂದ ಬಿಸಿಲು ಮಳೆಯ ಕಾರಣ ಹೇಳುವಂತಿರಲಿಲ್ಲ. 2013ರ ಈ ಅಧ್ಯಯನ ಬಹಳ ಹೆಸರು ಮಾಡಿತು. ಅಮೆರಿಕದಲ್ಲಿ ಸಂಬಳದ ದಿನದ ಹಿಂದೆ ಮುಂದೆ ಇದೇ ಬಗೆಯ ಪರೀಕ್ಷೆ ಮಾಡಿದವರಿಗೆ ಮಾತ್ರ ಇಂಥ ವ್ಯತ್ಯಾಸ ಕಾಣಲಿಲ್ಲ. ಹದಿನೈದು ದಿನಕ್ಕೊಮ್ಮೆ ಬರುವ ಸಂಬಳ ಬೇರೆ, ವರ್ಷಕ್ಕೊಮ್ಮೆ ಬರುವ ಕಬ್ಬಿನ ದುಡ್ಡು ಬೇರೆ ಅಂತ ನನಗನಿಸುತ್ತದೆ. ಬಾಕಿಗಾಗಿ ಕಾರ್ಖಾನೆ ಗೇಟಿನ ಮುಂದೆ ಕೂತವರನ್ನು ನೋಡಿದವಳು ನಾನು, ನನ್ನ ಅನಿಸಿಕೆಗೆ ಪಕ್ಷಪಾತ ಇದ್ದೀತು.

ಈ ಪ್ರಯೋಗಗಳು ಸೋಲುವುದೂ ಉಂಟು. ಬಾಂಗ್ಲಾದೇಶದ ರಂಗಪುರ ಸೀಮೆಯಲ್ಲಿ ಭತ್ತದ ಕೊಯ್ಲಿಗೆ ಮುಂಚೆ ಎರಡು ಮೂರು ತಿಂಗಳು ಕೆಲಸವೂ ಇರುತ್ತಿರಲಿಲ್ಲ, ಅನ್ನವೂ ಇರುತ್ತಿರಲಿಲ್ಲ. ಅದಕ್ಕೆ ಅವರು ‘ಮಂಗಾ’ ಅನ್ನುತ್ತಾರೆ. ನಮ್ಮ ರಾಯಚೂರು, ಯಾದಗಿರಿ ಕಡೆಯವರಾದರೆ ಅಂಥ ಹೊತ್ತಿನಲ್ಲಿ ಗಂಟು ಕಟ್ಟಿ ಗುಳೆ ಹೋಗುತ್ತಾರೆ. ರಂಗಪುರದ ಬಹಳ ಜನ ಹೋಗುತ್ತಿರಲಿಲ್ಲ, ಹೋಗಿ ಕೆಲಸ ಸಿಗದಿದ್ದರೆ ಬಸ್ ಚಾರ್ಜೂ ಹೋಯಿತಲ್ಲ ಎಂಬ ಭಯ. 2008ರಲ್ಲಿ 100 ಹಳ್ಳಿಗಳಲ್ಲಿ ಪ್ರಯೋಗ ನಡೆಯಿತು. ಬಸ್ ಚಾರ್ಜಿಗೂ ಒಂದೆರಡು ದಿನದ ಊಟಕ್ಕೂ ಆಗುವಷ್ಟು, ಎಂಟೂವರೆ ಡಾಲರ್ ಕೊಟ್ಟರು. ಹೊರಟವರ ಪ್ರಮಾಣ ನೂರಕ್ಕೆ 22ರಷ್ಟು ಏರಿತು, ಮನೆಯಲ್ಲಿದ್ದವರ ತಟ್ಟೆಗೆ ಅನ್ನ ಹೆಚ್ಚಿತು, ಮರುವರ್ಷ ದುಡ್ಡು ಕೊಡದಿದ್ದರೂ ಹಲವರು ತಾವಾಗಿ ಹೋದರು. ಎಲ್ಲರೂ ಚಪ್ಪಾಳೆ ತಟ್ಟಿದರು. 2017ರಲ್ಲಿ ಅದನ್ನು ದೊಡ್ಡ ಮಟ್ಟಕ್ಕೆ ಹಿಗ್ಗಿಸಿ ಅಳೆದಾಗ ಗುಳೆ ಹೋಗುವವರ ಸಂಖ್ಯೆ ಏರಲೇ ಇಲ್ಲ. ನಡೆಸುತ್ತಿದ್ದ ಸಂಸ್ಥೆ 2019ರಲ್ಲಿ ಆ ಯೋಜನೆಯನ್ನೇ ಮುಚ್ಚಿತು, ಯಾಕೆ ಮುಚ್ಚಿದೆವು ಅಂತಲೂ ಬಹಿರಂಗವಾಗಿ ಬರೆಯಿತು. ‘ಈ ಯೋಜನೆ ಫಲ ಕೊಡಲಿಲ್ಲ, ನಿಲ್ಲಿಸಿದ್ದೇವೆ’ ಅಂತ ನಮ್ಮ ಯಾವುದಾದರೂ ಇಲಾಖೆಯ ಜಾಹೀರಾತನ್ನು ನೀವು ನೋಡಿದ್ದರೆ ನನಗೂ ತೋರಿಸಿ.

ಈಗ ನಾನು ಹೇಳಲೆಂದೇ ಬಂದದ್ದು. ಇಲ್ಲಿಯವರೆಗೆ ಹೇಳಿದ ಪ್ರಯೋಗಗಳನ್ನು ನೋಡಿ: ಬದಲಾಗಬೇಕಾದವರು ಯಾರು? ತಾಯಿ, ಟೈಪಿಸ್ಟ್, ಕೂಲಿಯವನು. ಎಲ್ಲರೂ ಕೆಳಗಿನವರು. ಮೇಲಿನವರು ಬದಲಾಗಬೇಕಾದ ಪ್ರಯೋಗ ಮಾಡಿದರೆ ಏನಾಗುತ್ತದೆ?

ಅದೂ ಕರ್ನಾಟಕದಲ್ಲೇ ಆಯಿತು, ಸರ್ಕಾರವೇ ಮುಂದೆ ನಿಂತು ಮಾಡಿಸಿತು. 322 ಪ್ರಾಥಮಿಕ ಆರೋಗ್ಯ ಕೇಂದ್ರಗಳ ಪೈಕಿ ಚೀಟಿ ಎತ್ತಿ ಆರಿಸಿದ 140ರಲ್ಲಿ ಬೆರಳಚ್ಚು ಯಂತ್ರ ಇಟ್ಟರು. ಬಂದಾಗ ಒಂದು ಸಲ ಒತ್ತಿ, ಹೋಗುವಾಗ ಒಂದು ಸಲ ಒತ್ತಿ. ಆ ಲೆಕ್ಕ ನೇರ ಮೇಲಕ್ಕೆ ಹೋಗುತ್ತದೆ, ತಪ್ಪಿಸಿಕೊಂಡವರ ರಜೆ ಕಡಿಯಬಹುದು. ಪಿಎಚ್‌ಸಿಗೆ ಹೋಗಿ ಗೊತ್ತಿರುವವರಿಗೆ ಇದು ಯಾಕೆ ಬೇಕಿತ್ತು ಅಂತ ಹೇಳಬೇಕಿಲ್ಲ. ನಮ್ಮ ದೊಡ್ಡಮ್ಮನನ್ನು ಒಂದು ಪಿಎಚ್‌ಸಿಗೆ ಕರೆದುಕೊಂಡು ಹೋದಾಗಲೆಲ್ಲ ನಾನು ಕೇಳಿದ ಮಾತು ಒಂದೇ: ‘ಡಾಕ್ಟ್ರು ಮೀಟಿಂಗಿಗೆ ಹೋಗಿದಾರೆ, ನಾಳೆ ಬನ್ನಿ.’ ಮೂರನೇ ಸಲ ದೊಡ್ಡಮ್ಮ ಆ ನರ್ಸಮ್ಮನನ್ನೇ ಕೇಳಿದರು, ‘ಅದೇನವ್ವಾ, ದಿನಾ ಮೀಟಿಂಗು? ಕಾಯ್ಲೆ ಬಗ್ಗೆನೇ ಮಾತಾಡ್ತಾರಾ ಅಲ್ಲಿ?’

ಇಕ್ಬಾಲ್ ಧಲಿವಾಲ್ ಮತ್ತು ರೇಮಾ ಹನ್ನಾ ಆ ಯಂತ್ರಗಳ ಫಲವನ್ನು ಅಳೆದರು. ನರ್ಸ್, ಲ್ಯಾಬ್ ಟೆಕ್ನಿಷಿಯನ್, ಫಾರ್ಮಾಸಿಸ್ಟ್‌ಗಳ ಹಾಜರಾತಿ ಏರಿತು. ಆ ಕೇಂದ್ರಗಳ ವ್ಯಾಪ್ತಿಯಲ್ಲಿ ಎರಡೂವರೆ ಕೆಜಿಗಿಂತ ಕಡಿಮೆ ತೂಕದಲ್ಲಿ ಹುಟ್ಟುವ ಮಕ್ಕಳ ಸಂಖ್ಯೆ ಸುಮಾರು ಕಾಲುಭಾಗ ಇಳಿಯಿತು. ಒಂದು ಬೆರಳಚ್ಚು ಯಂತ್ರಕ್ಕೆ ಇದು ಸಣ್ಣ ಸಾಧನೆಯಲ್ಲ. ಡಾಕ್ಟರುಗಳ ಹಾಜರಾತಿ ಮಾತ್ರ ಇದ್ದಲ್ಲೇ ಇತ್ತು. ರಜೆ ಕಡಿಯುವ ವಿಚಾರಕ್ಕೆ ಬಂದಾಗ ಇಲಾಖೆಯ ಕೈ ನಡುಗಿತು. ಈಗಲೇ ಹಳ್ಳಿಗೆ ಡಾಕ್ಟರು ಬರುವುದಿಲ್ಲ, ಬಿಗಿ ಮಾಡಿದರೆ ಇರುವವರೂ ಬಿಟ್ಟುಹೋದರೆ? ಆ ಭಯ ಸುಳ್ಳಲ್ಲ. ಹಳ್ಳಿಯಲ್ಲಿ ವಾಸಕ್ಕೆ ಸರಿಯಾದ ಕ್ವಾರ್ಟರ್ಸ್ ಇಲ್ಲದ, ಮಕ್ಕಳಿಗೆ ಶಾಲೆ ಇಲ್ಲದ ಡಾಕ್ಟರ ಕಷ್ಟವನ್ನೂ ನಾನು ಅಲ್ಲಗಳೆಯುವುದಿಲ್ಲ. ಆದರೆ ಯಂತ್ರ ಸುಳ್ಳು ಹೇಳಲಿಲ್ಲ. ಅದು ಹೇಳಿದ ನಿಜವನ್ನು ಇಟ್ಟುಕೊಂಡು ಏನು ಮಾಡಬೇಕೆಂದು ಯಾರಿಗೂ ತೋಚಲಿಲ್ಲ. ಅದೇ ಬೆರಳಚ್ಚು ರೇಷನ್ ಅಂಗಡಿಗೆ ಬಂದಾಗ ಹೀಗೆ ಕೈ ನಡುಗಿತೇ? ಹೊಲ ಗೇದು ರೇಖೆ ಸವೆದ ಬೆರಳು ಯಂತ್ರಕ್ಕೆ ಸಿಗದೆ ಅಕ್ಕಿ ಬಿಟ್ಟು ಬಂದ ಮುದುಕಿಯರನ್ನು ನೀವೂ ನೋಡಿದ್ದೀರಿ.

ಹಾಗಾಗಿ ನನ್ನ ತಕರಾರು ಪ್ರಯೋಗದ ಮೇಲಲ್ಲ, ಅದು ಯಾರ ಮೇಲೆ ನಡೆಯುತ್ತದೆ ಎಂಬುದರ ಮೇಲೆ. ಅರ್ಥಶಾಸ್ತ್ರಜ್ಞ ಆಂಗಸ್ ಡೀಟನ್ ಅಂಥವರು ಪದ್ಧತಿಯನ್ನೇ ಪ್ರಶ್ನಿಸಿದ್ದಾರೆ, ಒಂದು ಊರಿನ ಫಲ ಇನ್ನೊಂದು ಊರಿಗೆ ಹೊಂದುತ್ತದೆ ಅಂತ ಏನು ಗ್ಯಾರಂಟಿ ಅಂತ. ಅದು ಸರಿಯಾದ ಪ್ರಶ್ನೆ, ರಂಗಪುರವೇ ಸಾಕ್ಷಿ. ನನ್ನದು ಇನ್ನೂ ಸರಳ. 1974ರಲ್ಲಿ ದೇವರಾಜ ಅರಸರ ಕಾಲದಲ್ಲಿ ಭೂಸುಧಾರಣಾ ತಿದ್ದುಪಡಿ ಬಂದಾಗ, ಗೇಣಿದಾರರಿಗೆ ಭೂಮಿ ಕೊಟ್ಟರೆ ಏನಾಗುತ್ತದೆ ನೋಡೋಣ, ಅರ್ಧ ತಾಲ್ಲೂಕುಗಳಲ್ಲಿ ಮಾತ್ರ ಕೊಟ್ಟು ಐದು ವರ್ಷ ಅಳೆಯೋಣ ಅಂತ ಯಾರೂ ಚೀಟಿ ಎತ್ತಲಿಲ್ಲ. ಎತ್ತಲು ಆಗುತ್ತಲೂ ಇರಲಿಲ್ಲ. ಬೇಳೆಯನ್ನು ಚೀಟಿ ಎತ್ತಿ ಹಂಚಬಹುದು, ಭೂಮಿಯನ್ನು ಹಂಚಲಾಗದು. ಆಗದ್ದನ್ನು ಅಳೆಯುವುದಿಲ್ಲ, ಅಳೆಯದ್ದಕ್ಕೆ ಪುರಾವೆ ಇಲ್ಲ, ಪುರಾವೆ ಇಲ್ಲದ್ದಕ್ಕೆ ದುಡ್ಡಿಲ್ಲ. ಈ ಜಾರುಬಂಡೆಯಲ್ಲಿ ಕಾಲಿಡುವಾಗ ಸ್ವಲ್ಪ ಎಚ್ಚರ ಇರಲಿ ಅಂತಷ್ಟೆ ನನ್ನ ಮಾತು.

ನನ್ನದು ಇಷ್ಟು. ಏನಾದರೂ ಕೇಳುವುದಿದ್ದರೆ ಕೇಳಿ.

(ಒಂದೆರಡು ಪ್ರಶ್ನೆಗಳಾದ ಮೇಲೆ, ಹಿಂದಿನ ಬೆಂಚಿನಿಂದ ಒಬ್ಬ ವಿದ್ಯಾರ್ಥಿನಿ ಎದ್ದು ನಿಂತರು: ‘ಮೇಡಂ, ಇಷ್ಟೆಲ್ಲ ಪ್ರಶ್ನೆ ಕೇಳ್ತಾರಲ್ಲ, ಆ ಹಳ್ಳಿಯವರಿಗೆ ಏನು ಸಿಕ್ತು?’)

ಇದನ್ನು ನಾನು ಮೊದಲೇ ಹೇಳಬೇಕಿತ್ತು. ಮಿಸ್ಡ್ ಕಾಲ್ ಪ್ರಯೋಗಕ್ಕೂ ಹಿಂದೆ, 2006ರ ಹೊತ್ತಿಗೆ, ನಮ್ಮ ದಕ್ಷಿಣ ಕರ್ನಾಟಕದ 75 ಹಳ್ಳಿಗಳಲ್ಲಿ ಇದೇ ಸಂಶೋಧಕರಲ್ಲಿ ಕೆಲವರು ಒಂದು ಸಮೀಕ್ಷೆ ಮಾಡಿಸಿದರು. ಪ್ರಶ್ನೆಗಳು ಹೀಗಿದ್ದವು: ಸೀಮೆಎಣ್ಣೆ, ಅಕ್ಕಿ ಬೇಕಾದರೆ ಯಾರ ಮನೆಯಿಂದ ಕಡ ತರುತ್ತೀರಿ? ನಿಮ್ಮಿಂದ ಯಾರು ತರುತ್ತಾರೆ? ದೇವಸ್ಥಾನಕ್ಕೆ ಯಾರ ಜೊತೆ ಹೋಗುತ್ತೀರಿ? ಕೈಗಡ ಯಾರನ್ನು ಕೇಳುತ್ತೀರಿ? ಆ ಉತ್ತರಗಳಿಂದ ಊರಿನ ನಂಟುಗಳ ನಕ್ಷೆ ಬರೆದರು. ಕಿರುಸಾಲದ ಸಂಸ್ಥೆಯೊಂದು ಆ ಊರುಗಳಿಗೆ ಬರುವುದಿತ್ತು, ಸಾಲದ ಸುದ್ದಿ ಹೇಗೆ ಹಬ್ಬುತ್ತದೆ ಅಂತ ನೋಡುವುದು ಉದ್ದೇಶ. ಆ ನಕ್ಷೆಗಳು ಇವತ್ತು ಯಾರು ಬೇಕಾದರೂ ಇಂಟರ್ನೆಟ್ಟಿನಿಂದ ಇಳಿಸಿಕೊಳ್ಳಬಹುದು. ಹೆಸರುಗಳಿಲ್ಲ, ಮನೆಗೊಂದು ಚುಕ್ಕೆ. ಎಲ್ಲೆಲ್ಲಿಯದೋ ವಿಶ್ವವಿದ್ಯಾಲಯಗಳಲ್ಲಿ ಹುಡುಗರು ನಮ್ಮ ಹಳ್ಳಿಯ ಸೀಮೆಎಣ್ಣೆ ಸಾಲದ ಮೇಲೆ ಗಣಿತ ಕಲಿಯುತ್ತಾರೆ.

ಸಂಸ್ಥೆ ಕೊನೆಗೆ ಹೋದದ್ದು 43 ಊರುಗಳಿಗೆ, ಉಳಿದ 32ಕ್ಕೆ ಹೋಗಲಿಲ್ಲ. 2012ರಲ್ಲಿ ಸಂಶೋಧಕರು ಮತ್ತೆ ಹೋಗಿ ಅದೇ ಪ್ರಶ್ನೆಗಳನ್ನು ಕೇಳಿದರು. ಸಾಲ ಬಂದ ಊರುಗಳಲ್ಲಿ ಮನೆಮನೆಯ ನಡುವಿನ ಕೊಡುಕೊಳ್ಳುವ ನಂಟು ಉಳಿದ ಊರುಗಳಿಗಿಂತ ಹೆಚ್ಚು ಕಳಚಿಹೋಗಿತ್ತು. ಅದೂ ಸಾಲ ತೆಗೆದುಕೊಂಡವರ ನಡುವೆ ಮಾತ್ರವಲ್ಲ, ಸಾಲದ ಗೊಡವೆಗೇ ಹೋಗದಿದ್ದ ಮನೆಗಳ ನಡುವೆಯೂ. ಆಮೇಲಿನ ಕಥೆ ನಿಮಗೆ ಗೊತ್ತು. ಕಿರುಸಾಲದ ವಸೂಲಿಯ ಕಿರುಕುಳ ತಡೆಯಲು 2025ರ ಫೆಬ್ರುವರಿಯಲ್ಲಿ ರಾಜ್ಯ ಸರ್ಕಾರ ಸುಗ್ರೀವಾಜ್ಞೆ ತರಬೇಕಾಯಿತು.

ಏನು ಸಿಕ್ತು ಅಂತ ಕೇಳಿದಿರಿ. ಸಿಕ್ಕಿದ್ದು ನನಗೆ ಕಾಣಲಿಲ್ಲ. ಒಂದು ಲೋಟ ಅಕ್ಕಿ ಕಡ ತರಲು ಮೊದಲಿದ್ದ ಒಂದು ಮನೆ ಆಮೇಲೆ ಇರಲಿಲ್ಲ ಎಂಬುದು ಕಂಡಿತು. ಅದು ಕಂಡದ್ದು ಎರಡನೇ ಸಲ ಹೋಗಿ ಅದೇ ಪ್ರಶ್ನೆಯನ್ನು ಕೇಳಿದ್ದರಿಂದ.